ಕ್ಯಾನ್ ಬಸ್: ಮೊದಲ ಆದ್ಯತೆಯ ಸಂದೇಶವೂ ಕಾಯುವುದೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಪ್ರಾಜೆಕ್ಟ್‌ನಲ್ಲಿ ಆರು ಮೈಕ್ರೋಕಂಟ್ರೋಲರ್‌ಗಳು ಒಂದೇ ಕ್ಯಾನ್ ಬಸ್ (ಎಲ್ಲವೂ ಸಂದೇಶ ಕಳುಹಿಸಲು ಹಂಚಿಕೊಳ್ಳುವ ತಂತಿ) ಮೇಲಿವೆ. ವೇಗ ಸೆಕೆಂಡಿಗೆ 500 ಕಿಲೋಬಿಟ್. ಬ್ರೇಕ್ ಸಂದೇಶಕ್ಕೆ ಎಲ್ಲಕ್ಕಿಂತ ಚಿಕ್ಕ ಐಡಿ (ಗುರುತಿನ ಸಂಖ್ಯೆ), ಅಂದರೆ ಮೊದಲ ಆದ್ಯತೆ, ಕೊಟ್ಟಿದ್ದರೂ ಅದು ಆಗಾಗ ಕಾಲು ಮಿಲಿಸೆಕೆಂಡ್ ತಡವಾಗಿ ಹೊರಡುತ್ತದೆ. ಏಕೆ? ‘ಇಷ್ಟರೊಳಗೆ ತಲುಪಿಯೇ ತೀರುತ್ತದೆ’ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಬರೆಯಬಹುದು, ಲೆಕ್ಕ ಹಾಕಿದ ಮೇಲೆ. ಕ್ಯಾನ್‌ನಲ್ಲಿ ಪೈಪೋಟಿ ನಡೆಯುವುದು ತಂತಿ ಖಾಲಿಯಿದ್ದಾಗ ಮಾತ್ರ. ಸಂದೇಶವಿರುವ ಎಲ್ಲ ನೋಡ್‌ಗಳೂ, ಅಂದರೆ ಬಸ್ ಮೇಲಿನ ಮೈಕ್ರೋಕಂಟ್ರೋಲರ್‌ಗಳು, ತಮ್ಮ ಸಂದೇಶದ ಐಡಿಯನ್ನು ಬಿಟ್ ಬಿಟ್ಟಾಗಿ ಕಳುಹಿಸುತ್ತವೆ. 0 ಮತ್ತು 1 ಎದುರಾದರೆ 0 ಗೆಲ್ಲುತ್ತದೆ, 1 ಕಳುಹಿಸಿದವರು ಸುಮ್ಮನಾಗುತ್ತಾರೆ. ಆದರೆ ಒಮ್ಮೆ ಹೊರಟ ಫ್ರೇಮನ್ನು (ತಂತಿಯ ಮೇಲೆ ಸಾಗುವ ಇಡೀ ಸಂದೇಶವನ್ನು) ಯಾರೂ ನಡುವೆ ತಡೆಯುವಂತಿಲ್ಲ, ಅದು ಕಿಟಕಿ ಗಾಜಿನ ಸ್ಥಿತಿ ತಿಳಿಸುವ ಫ್ರೇಮೇ ಆಗಿರಲಿ. 11 ಬಿಟ್ ಐಡಿ, 8 ಬೈಟ್ ದತ್ತಾಂಶದ ಫ್ರೇಮ್, ನಡುವೆ ತುರುಕುವ ಹೆಚ್ಚುವರಿ ಬಿಟ್‌ಗಳೂ ಸೇರಿ, ಗರಿಷ್ಠ 135 ಬಿಟ್ ಆಗುತ್ತದೆ. ನಿಮ್ಮ ವೇಗದಲ್ಲಿ ಅದು 270 ಮೈಕ್ರೋಸೆಕೆಂಡ್. ನಿಮ್ಮ ಕಾಲು ಮಿಲಿಸೆಕೆಂಡ್ ಬಂದದ್ದು ಇಲ್ಲಿಂದಲೇ. ಕಾಯಲು 270, ತನ್ನ ಪ್ರಯಾಣಕ್ಕೆ 270: ತಂತಿಯಲ್ಲಿ ದೋಷವಿಲ್ಲದಿದ್ದರೆ ಬ್ರೇಕ್ ಸಂದೇಶಕ್ಕೆ 540 ಮೈಕ್ರೋಸೆಕೆಂಡ್ ಮಿತಿ. ದೋಷ ಬಂದರೆ ಫ್ರೇಮನ್ನು ಮತ್ತೆ ಕಳುಹಿಸಬೇಕಾಗುತ್ತದೆ. ಎಷ್ಟು ದೋಷಗಳನ್ನು ತಾಳಿಕೊಳ್ಳಬೇಕು ಎಂಬುದನ್ನು ನೀವೇ ನಿರ್ಧರಿಸಿ ಸೇರಿಸಿಕೊಳ್ಳಿ.

ಇನ್ನೊಬ್ಬ ಸದಸ್ಯ: ನಾವು ರಾತ್ರಿಯಿಡೀ ಲಾಗ್ ಮಾಡಿ ಸಿಕ್ಕ ಗರಿಷ್ಠ ಅಂಕಿಯನ್ನೇ ಬರೆಯುತ್ತೇವೆ. ಅಷ್ಟು ಸಾಲದೇ, ಮೇಡಂ?

ಉತ್ತರ: ಸಾಲದು. ಲಾಗ್‌ನಲ್ಲಿ ಸಿಗುವುದು ಆ ರಾತ್ರಿ ನಡೆದದ್ದಷ್ಟೇ. ಕೆಟ್ಟ ಗಳಿಗೆಯಲ್ಲಿ ಎಲ್ಲ ಸಂದೇಶಗಳೂ ಒಟ್ಟಿಗೆ ಎದ್ದು ನಿಲ್ಲುವ ಸಂದರ್ಭ ಅಂದು ಬಾರದೆಯೂ ಇರಬಹುದು.

ಕೆಳಗಿನ ಆದ್ಯತೆಯ ಸಂದೇಶಗಳ ಲೆಕ್ಕದಲ್ಲಂತೂ ಬಲ್ಲವರೇ ಎಡವಿದ್ದಾರೆ. 1994ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಕೆನ್ ಟಿಂಡೆಲ್ ಮತ್ತು ಅಲನ್ ಬರ್ನ್ಸ್ ಕೊಟ್ಟ ಸೂತ್ರವನ್ನು ವರ್ಷಗಟ್ಟಲೆ ಎಲ್ಲರೂ ಬಳಸಿದರು. 2007ರಲ್ಲಿ ರಾಬರ್ಟ್ ಡೇವಿಸ್, ಬರ್ನ್ಸ್ ಮತ್ತು ಸಂಗಡಿಗರು ಅದರಲ್ಲಿನ ದೋಷವನ್ನು ತೋರಿಸಿ ತಿದ್ದಿದರು. ಅವರ ಉದಾಹರಣೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿ. ಅ, ಬ, ಕ ಎಂಬ ಮೂರು ಸಂದೇಶಗಳು, ಇದೇ ಆದ್ಯತೆಯ ಕ್ರಮದಲ್ಲಿ. ಪ್ರತಿಯೊಂದಕ್ಕೂ 1 ಮಿಲಿಸೆಕೆಂಡ್ ಬೇಕು. ಅ 2.5 ಮಿಲಿಸೆಕೆಂಡಿಗೊಮ್ಮೆ, ಬ ಮತ್ತು ಕ 3.5ಕ್ಕೊಮ್ಮೆ ಹುಟ್ಟುತ್ತವೆ. ಮೂರೂ ಒಟ್ಟಿಗೆ ಹುಟ್ಟಿದರೆ ಮೊದಲ ಕ 3ಕ್ಕೆ ಮುಗಿಯುತ್ತದೆ. ಅದರ ಗಡುವು 3.25 ಆಗಿದ್ದರೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಆದರೆ 3.5ರಲ್ಲಿ ಹುಟ್ಟಿದ ಎರಡನೆಯ ಕ, ಮೊದಲ ಕ ತಡೆಹಿಡಿದಿದ್ದ ಅ, ಆಮೇಲೆ ಬ, ಮತ್ತೆ ಇನ್ನೊಂದು ಅ ಮುಗಿಯುವವರೆಗೂ ಕಾಯುತ್ತದೆ. ಅದು ಮುಗಿಯುವುದು 7ಕ್ಕೆ, ಅಂದರೆ 3.5 ಮಿಲಿಸೆಕೆಂಡ್ ಆದ ಮೇಲೆ. ಗಡುವು ತಪ್ಪಿತು. ಆದ್ದರಿಂದ ಮೊದಲ ಸರದಿಯನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ಬಸ್ ಬಿಡುವಿಲ್ಲದೆ ಓಡುವ ಆ ಇಡೀ ಅವಧಿಯಲ್ಲಿ ಹುಟ್ಟುವ ಪ್ರತಿ ಕ ಸಂದೇಶಕ್ಕೂ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು: ಧನ್ಯವಾದ, ಮೇಡಂ. ಹಾಗಾದರೆ 540 ಎಂದು ಬರೆದುಬಿಡಲೇ?

ಉತ್ತರ: ತಡೆಯಿರಿ. ಬ್ರೇಕ್ ನೋಡ್ ಬೇರೆ ಸಂದೇಶಗಳನ್ನೂ ಕಳುಹಿಸುತ್ತದೆಯೇ? ಅದರ ಡ್ರೈವರ್ (ಸಂದೇಶಗಳನ್ನು ಬಸ್‌ಗೆ ಒಪ್ಪಿಸುವ ತಂತ್ರಾಂಶ) ಅವನ್ನು ಬಂದ ಕ್ರಮದಲ್ಲೇ ಸಾಲಿಗೆ ಹಾಕುತ್ತಿದ್ದರೆ, ಮುಂದೆ ಸಿಕ್ಕಿಕೊಂಡ ಕ್ಷುಲ್ಲಕ ಸಂದೇಶದ ಹಿಂದೆ ಬ್ರೇಕ್ ಸಂದೇಶ ನಿಲ್ಲುತ್ತದೆ. ತಂತಿಯವರೆಗೆ ಬಾರದ ಐಡಿಗೆ ಆದ್ಯತೆ ಎಲ್ಲಿಯದು? ಆಗ 540 ಸುಳ್ಳಾಗುತ್ತದೆ. ಸಂದೇಶಗಳು ಸರದಿ ಕಾಯುವ ಬಫರನ್ನು ಐಡಿ ಕ್ರಮಕ್ಕೆ ಹೊಂದಿಸಿ, ಆಮೇಲೆ ಬರೆಯಿರಿ.