ಪದ ಬೇಕು (ತುರ್ತು): ‘ಸರಪಳಿ ಕವಚ’ ಸರಿಯೇ?

ಎ. ಆರ್., ಮೈಸೂರು:
ಗೆಳೆಯರೇ, ನಾಳೆ ಬೆಳಿಗ್ಗೆ 10ಕ್ಕೆ ಕಡತ ಕಳಿಸಬೇಕು. ನಾರ್ಮನ್ನರು ಇಂಗ್ಲೆಂಡಿನ ಮೇಲೆ ಗೆದ್ದ 1066ರ ಹೇಸ್ಟಿಂಗ್ಸ್ ಕಾಳಗದ ಸಾಕ್ಷ್ಯಚಿತ್ರ, ಕನ್ನಡ ಸಬ್‌ಟೈಟಲ್ ನನ್ನ ಪಾಲಿಗೆ ಬಂದಿದೆ. ನಾರ್ಮನ್ ಸವಾರರು ತೊಡುತ್ತಿದ್ದ, ಕಬ್ಬಿಣದ ಉಂಗುರಗಳಲ್ಲಿ ಹೆಣೆದ ಅಂಗಿ ‘ಚೈನ್ ಮೇಲ್’ ಅನ್ನು ‘ಸರಪಳಿ ಕವಚ’ ಎಂದು ಬರೆದಿದ್ದೆ. ಓದಿದವರು, “ಮೈಗೆಲ್ಲ ಸರಪಳಿ ಸುತ್ತಿಕೊಂಡು ಕುದುರೆ ಹತ್ತಿದರೇ?” ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. 12 ಕಡೆ ಬರುವ ಪದ, ಚಿಕ್ಕದಿರಬೇಕು. ಅದರದೇ ತಲೆಯ ಟೋಪಿಗೂ ಒಂದು ಪದ ಬೇಕು. ದಯವಿಟ್ಟು ಚರ್ಚೆ ಬೆಳೆಸಬೇಡಿ.

ಕೆ. ಎನ್., ಮೇಲುಕೋಟೆ:
ಲೋಹಜಾಲಿಕೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ, ಆಯುಧಾಗಾರಾಧ್ಯಕ್ಷನ ಪ್ರಕರಣ ನೋಡಿ. ‘ಸರಪಳಿ ಕವಚ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ತಪ್ಪು ಜೋಡಣೆ. ಅದನ್ನು ಬರೆದ ಕೈಯಲ್ಲೇ ಅಳಿಸಿ.

ಬಿ., ಬೆಂಗಳೂರು:
ಇಲ್ಲೂ ಸಕ್ಕದ, ಅಂದರೆ ಸಂಸ್ಕೃತವೇ? ಟಿವಿ ಮುಂದೆ ಕೂತ ಮಂದಿಗೆ ‘ಲೋಹಜಾಲಿಕೆ’ ಅಂದರೆ ಯಾವುದೋ ಬೇರಿನ ಕಶಾಯ ಅನ್ನಿಸುತ್ತದೆ. ಬಳೆಗೆ ಬಳೆ ಕೋದು ಹೆಣೆದದ್ದು, ಮೈಗೆ ತೊಡುವಂತದ್ದು. ಬಳೆಯಂಗಿ. ಮುಗಿಯಿತು.

ಕೆ. ಎನ್.:
‘ವಲಯ’ದ ತದ್ಭವ ಬಳೆ. ‘ಅಂಗ’ದಿಂದ ಅಂಗಿ. ಸಕ್ಕದವನ್ನು ಬಾಗಿಲಲ್ಲಿ ತಡೆದು ಹಿತ್ತಿಲಿಂದ ಒಳಕ್ಕೆ ಬಿಟ್ಟಿದ್ದೀರಿ.

ಬಿ.:
ತಮಿಳಿನಲ್ಲಿ ‘ವಳೈ’ ಅಂದರೆ ಬಳೆಯೂ ಹೌದು, ಬಾಗು ಅನ್ನುವುದೂ ಹೌದು. ಬಳೆಯಿಂದ ವಲಯ ಹೋಯಿತೋ ವಲಯದಿಂದ ಬಳೆ ಬಂತೋ, ಆ ಲೆಕ್ಕ ಇನ್ನೂ ಮುಗಿದಿಲ್ಲ. ಅರಿಸಮಾಸದ ಹೆದರಿಕೆಯೂ ಬೇಡ. ಬಿರುದುಗಳಿಗೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ.

ಕೆ. ಎನ್.:
ನಾರ್ಮನ್ ಸವಾರನ ಅಂಗಿ ಬಿರುದಾವಳಿಯೇ?

ಎಸ್. ಪಿ., ತುಮಕೂರು:
ಕುಮಾರವ್ಯಾಸನಲ್ಲಿ ಕವಚಕ್ಕೆ ‘ಜೋಡು’ ಇದೆ. ಎರಡೇ ಅಕ್ಷರ, ಮೇಡಂಗೆ ಜಾಗವೂ ಉಳಿಯುತ್ತದೆ.

ಎ. ಆರ್.:
ಸರ್, ನಮ್ಮ ಕಡೆ ಜೋಡು ಕಾಲಿಗೆ ಹಾಕುವುದು. ‘ಹೆರಾಲ್ಡ್ ದೊರೆ ಜೋಡು ಧರಿಸಿ ಬಂದ’ ಅಂತ ಬರೆದರೆ ನನ್ನ ಕೆಲಸ ಹೋಗುತ್ತದೆ.

ಎಂ. ಜಿ., ಲೀಡ್ಸ್:
ಇಲ್ಲಿ ಮಧ್ಯಯುಗದ ಕಾಳಗ ಆಡಿ ತೋರಿಸುವವರ ಜೊತೆ ಅದನ್ನು ತೊಟ್ಟು ನೋಡಿದ್ದೇನೆ, ಹಾಗಾಗಿ ಎರಡು ಮಾತು. ‘ಚೈನ್’ ಆ ಕಾಲದ ಮಾತೇ ಅಲ್ಲ. ಅವರಿಗೆ ಅದು ಬರೀ ಮೇಲ್. ಚೈನ್ ಅನ್ನು ಮುಂದೆ ಅಂಟಿಸಿದ್ದು ಹಳೆಯ ವಸ್ತುಗಳ ಮೇಲೆ ಪುಸ್ತಕ ಬರೆದ ಎಷ್ಟೋ ಶತಮಾನ ಈಚಿನ ಪಂಡಿತರು. ಮೇಲ್ ಕೂಡ ಇಂಗ್ಲಿಷಿನ ಸ್ವಂತದ್ದಲ್ಲ, ಫ್ರೆಂಚಿನ ‘ಮಾಯ್’, ಅದರ ಹಿಂದೆ ಲ್ಯಾಟಿನ್ನಿನ ‘ಮಾಕುಲಾ’. ಮಾಕುಲಾ ಅಂದರೆ ಚುಕ್ಕೆ, ಬಲೆಯ ಕಣ್ಣು. ನಾವೀಗ ಬರೆಯುತ್ತಿರುವ ಇ-ಮೇಲಿನ ಮೇಲ್ ಬೇರೆ, ಅದರ ಮೂಲ ಅರ್ಥ ಚೀಲ.

ಅಂದರೆ ಹೆಸರಿಟ್ಟವರ ಕಣ್ಣಿಗೆ ಕಂಡದ್ದು ಸರಪಳಿಯಲ್ಲ, ಬಲೆ. ಒಂದೊಂದು ಉಂಗುರವೂ ಸುತ್ತಲಿನ ನಾಲ್ಕನ್ನು ಹಿಡಿದಿರುತ್ತದೆ. ಒಂದು ಅಂಗಿಗೆ 20,000ಕ್ಕೂ ಮೇಲೆ ಉಂಗುರ ಹೋಗುವುದುಂಟು. ಉಂಗುರದ ಎರಡು ತುದಿ ಚಪ್ಪಟೆ ಮಾಡಿ, ತೂತು ಹೊಡೆದು, ರಿವಿಟ್ ಬಡಿಯಬೇಕು. ಈಗ ಅಗ್ಗಕ್ಕೆ ಸಿಗುವುದರಲ್ಲಿ ತುದಿಗೆ ತುದಿ ತಾಗಿಸಿ ಬಿಟ್ಟಿರುತ್ತಾರೆ, ತಿವಿದರೆ ಬಾಯಿ ಬಿಡುತ್ತದೆ. ಸಿನಿಮಾದಲ್ಲಂತೂ ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆದದ್ದೂ ಇದೆ.

ನಾನು ತೊಟ್ಟದ್ದು 12 ಕಿಲೋ. ಮೊದಲು ಹೆಗಲು ಬೀಳುತ್ತದೆ, ಸೊಂಟಕ್ಕೆ ಪಟ್ಟಿ ಬಿಗಿದರೆ ಅರ್ಧ ಭಾರ ಅಲ್ಲಿಗಿಳಿಯುತ್ತದೆ. ಆಮೇಲೆ ಓಡಬಹುದು, ಬಗ್ಗಬಹುದು. ಬಿಚ್ಚುವುದು ಮಾತ್ರ ಒದ್ದೆ ಬನಿಯನ್ ಕಳಚಿದ ಹಾಗೆ, ತಲೆ ಕೆಳಗೆ ಮಾಡಿ ಜಾಡಿಸಬೇಕು. ಮೇಡಂ, ನಿಮ್ಮ ಚಿತ್ರದಲ್ಲಿ ಈ ಕಾಳಗದ ಕಥೆಯನ್ನೇ ಹೊಲಿದ ಬಾಯೋ ಕಸೂತಿಪಟ ಖಂಡಿತ ಬರುತ್ತದೆ. ಅದರ ಅಂಚಿನಲ್ಲಿ ಹೆಣಗಳ ಅಂಗಿಯನ್ನು ತಲೆಯ ಮೇಲಿಂದ ಎಳೆಯುತ್ತಿದ್ದಾರೆ, ಬೇರೆ ಕಡೆ ತೋಳಿನೊಳಗೆ ಕೋಲು ತೂರಿಸಿ ಇಬ್ಬಿಬ್ಬರು ಹಡಗಿಗೆ ಹೊರುತ್ತಿದ್ದಾರೆ. ಅದು ಬಟ್ಟೆಯ ಹಾಗೆ ಜೋತು ಬೀಳುವ ವಸ್ತು. ‘ಕವಚ’ ಅಂದ ಕೂಡಲೇ ನಮಗೆ ಕಾಣುವುದು ಕರ್ಣನ ಎದೆಯ ಗಟ್ಟಿ ತಗಡು.

ಕತ್ತಿಯ ಸೀಳು ಅದರಲ್ಲಿ ನಿಲ್ಲುತ್ತದೆ. ಗದೆಯ ಪೆಟ್ಟು ನಿಲ್ಲದು, ಮೂಳೆಗೇ ಹೋಗುತ್ತದೆ. ಜೊತೆಗೆ ದಪ್ಪ ಬಟ್ಟೆಯೋ ಉಣ್ಣೆಯೋ ಇರಲೇಬೇಕು. 1191ರಲ್ಲಿ ಸುಲ್ತಾನ ಸಲಾದೀನನ ಜೊತೆಗಿದ್ದ ಬಹಾ ಅಲ್ ದೀನ್ ಕ್ರುಸೇಡಿನ (ಕ್ರೈಸ್ತರ ಧರ್ಮಯುದ್ಧದ) ಕಾಲಾಳುಗಳನ್ನು ಕಂಡು ಬರೆದಿದ್ದಾನೆ: ನಮದಾ (ಒತ್ತಿದ ಉಣ್ಣೆಯ ದಪ್ಪ ಬಟ್ಟೆ), ಅದರ ಜೊತೆ ಈ ಅಂಗಿ, ಬೆನ್ನಲ್ಲಿ ಹತ್ತು ಬಾಣ ನೆಟ್ಟಿದ್ದರೂ ಸಾಲು ಬಿಡದೆ ನಡೆಯುತ್ತಿದ್ದಾರೆ.

ನನ್ನ ಮತ: ಬಲೆಯಂಗಿ.

ಕೆ. ಎನ್.:
ನಿಮ್ಮ ವಾದದಿಂದಲೇ ನನ್ನ ಪದ ಗೆದ್ದಿತು. ಜಾಲ ಅಂದರೆ ಬಲೆ.

ಎಂ. ಜಿ.:
ರಾಯರೇ, ಅರ್ಥ ಸರಿ. ಕೌಟಿಲ್ಯ ಹೇಳಿದ ಜಾಲಿಕೆಯನ್ನು ಉಂಗುರದಲ್ಲೇ ಹೆಣೆಯುತ್ತಿದ್ದರು ಎಂದು ಬರೀ ಪದ ನೋಡಿ ಹೇಳುವುದು ಹೇಗೆ?

ಎಚ್., ವಿಜಯಪುರ:
ಎಲ್ಲಾರೂ ಬಲೆ ಹಿಡಕೊಂಡು ಕುಂತೀರಿ. ಆದಿಲಶಾಹಿ ಕಾಲದಾಗ ನಮ್ಮ ಊರಾಗ ಇದನ್ನ ಹಾಕ್ಕೊಂಡು ಯುದ್ಧ ಮಾಡ್ಯಾರ. ಪಾರ್ಸಿಯೊಳಗ ಜಿರಹ್, ತಗಡು ಕೂಡಿಸಿದ್ರ ಬಖ್ತರ್. ಮರಾಠಿಯವರು ಚಿಲಖತ ಅಂತಾರ. ಲೀಡ್ಸ್‌ನವರು ತಮ್ಮೂರ ಮ್ಯೂಸಿಯಂನಾಗಿನ ಆನೀ ನೋಡಿರಬೇಕು. ಅದರ ಮೈಮ್ಯಾಲಿರೋದು ಇದೇ ಕಸುಬು, ನಮ್ಮ ದೇಶದಿಂದ ಹೋದದ್ದು, 118 ಕಿಲೋ. ‘ಜಿರಾ ಅಂಗಿ’ ಅನ್ರಿ.

ಕೆ. ಎನ್.:
ಪಾರ್ಸಿ ಬೇಡ.

ಎಚ್.:
ಯಾಕ್ರೀ? ರೈತ ಅರಬ್ಬಿಯಿಂದ ಬಂದಾನ. ವಕೀಲ, ಜಮೀನು, ದಾಖಲೆ ಎಲ್ಲಾ ಅದೇ ದಾರಿ. ಮೊದಲು ಅವನ್ನ ಹೊರಗ ಹಾಕ್ರಿ, ಆಮ್ಯಾಲೆ ನನ್ನ ಅಂಗಿಗೆ ಕೈ ಹಚ್ರಿ.

ಬಿ.:
ರೈತನಿಗೆ ಒಕ್ಕಲಿಗ ಇದೆ, ಆರಂಬಗಾರ ಇದೆ.

ಎಚ್.:
ವಕೀಲಗ?

ಎಸ್. ಪಿ.:
ಮಧ್ಯದಲ್ಲಿ ತಲೆಯ ಟೋಪಿ ಮರೆತುಹೋಯಿತು. ಕುಲಾವಿ ಸಾಲದೇ? ಕಿವಿ, ಕತ್ತು ಮುಚ್ಚುವುದು.

ಎಂ. ಜಿ.:
ಸೊಗಸಾಗಿದೆ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ವಿಸ್ಬಿಯಲ್ಲಿ, 1361ರ ಕಾಳಗದಲ್ಲಿ ಸತ್ತವರನ್ನು ಹೂತ ಗುಂಡಿಗಳಲ್ಲಿ, ಅಂಥ ಕುಲಾವಿಯೊಳಗೇ ತಲೆಬುರುಡೆಗಳು ಸಿಕ್ಕಿವೆ.

ಎಚ್.:
ಕುಲಾವಿನೂ ಪಾರ್ಸಿನೇ ಇರಬೇಕು, ‘ಕುಲಾಹ್’. ಯಾರೂ ತಕರಾರು ಮಾಡ್ಲಿಲ್ಲ, ನೋಡ್ರಿ.

ಎ. ಆರ್.:
ಕಡತ ಕಳಿಸಿದೆ. ಮೊದಲ ಸಲ ‘ಕಬ್ಬಿಣದ ಬಲೆಯಂಗಿ’, ಆಮೇಲೆ ಬರೀ ‘ಬಲೆಯಂಗಿ’. ಟೋಪಿ ಕುಲಾವಿ. ಎಲ್ಲರಿಗೂ ವಂದನೆ. ಅವಸರದಲ್ಲಿ ಮೂರು ಕಡೆ ‘ಬಳೆಯಂಗಿ’ ಅಂತ ಟೈಪಾಗಿದೆ, ತಿದ್ದಿ ಎಂದು ಈಗಷ್ಟೇ ಫೋನ್ ಮಾಡಿದೆ.

ಬಿ.:
ಆ ಮೂರು ಕಡೆ ಸರಿಯಾಗಿದೆ. ಮಿಕ್ಕ ಒಂಬತ್ತನ್ನು ತಿದ್ದಿಸಿ.