ಪಶ್ಚಿಮ ಘಟ್ಟದ ಕರಡು: ಆಕ್ಷೇಪಣೆ ಬರೆಯುವುದು ಹೇಗೆ?

ಪ್ರಶ್ನೆ: ಕಸ್ತೂರಿರಂಗನ್ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ 2024ರ ಜುಲೈ 31ರಂದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಲು ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ನಮ್ಮ ಊರಿನ ಹೆಸರಿದೆ. ಆಕ್ಷೇಪಣೆಗೆ ಆಗ 60 ದಿನಗಳ ಅವಕಾಶವಿತ್ತು; ಎಲ್ಲರೂ ಒಂದೇ ಒಕ್ಕಣೆಯ ಅರ್ಜಿಗೆ ಸಹಿ ಹಾಕಿದ್ದರು. ಇಂಥ ಕರಡಿಗೆ ಅಷ್ಟು ಸಾಕೇ?

ಉತ್ತರ 1: ಸಾಲದು. ನಿಷೇಧವಿರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಉಂಟುಮಾಡುವ) ಕೈಗಾರಿಕೆ ಮುಂತಾದವುಗಳಿಗೆ. ಈಗಿರುವ ಮನೆಯ ದುರಸ್ತಿಗೆ ಅಡ್ಡಿಯಿಲ್ಲವೆಂದು ಕರಡಿನಲ್ಲೇ ಬರೆದಿದೆ. ಆದ್ದರಿಂದ ಒಕ್ಕಲೆಬ್ಬಿಸುತ್ತಾರೆಂಬ ಸಾಮಾನ್ಯ ದೂರಿಗಿಂತ, ಸರ್ವೆ ನಂಬರ್ ನಮೂದಿಸಿ, ಪಹಣಿ ಲಗತ್ತಿಸಿ, ಗಡಿ ಎಲ್ಲಿ ತಪ್ಪಿದೆಯೆಂದು ತೋರಿಸಿ.

ಉತ್ತರ 2: ಜನರ ಆತಂಕಕ್ಕೂ ಕಾರಣವಿದೆ. ಗ್ರಾಮದ ಶೇ 20ರಷ್ಟು ಭಾಗ ಸೂಕ್ಷ್ಮವಾಗಿದ್ದರೂ ಸಮಿತಿಯು ಇಡೀ ಗ್ರಾಮವನ್ನೇ ಸೇರಿಸಿದ್ದರಿಂದ, ಕಾಡಿನೊಂದಿಗೆ ಅಡಿಕೆ ತೋಟ, ಗದ್ದೆಗಳೂ ಒಳಗಾಗಿವೆ. ಇದನ್ನೇ ಎತ್ತಿ ಹಿಡಿದು, ಗ್ರಾಮಸಭೆಯ ನಿರ್ಣಯದೊಂದಿಗೆ ಕಳುಹಿಸಿ.