ಹೆರಿಟಬಿಲಿಟಿಗೆ ‘ಅನುವಂಶೀಯತೆ’ ಸರಿಹೋಗುತ್ತದೆಯೇ?

ಗೆಳೆಯರೇ, ನಮಸ್ಕಾರ.

ಮಾಂಸಕ್ಕಾಗಿ ಸಾಕುವ ದನಗಳ ಮೇವು, ಗಬ್ಬ, ತಳಿ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಬ್ಬದ ಅಧ್ಯಾಯದಲ್ಲಿ ಪದಗಳಿಗೆ ಬರವಿಲ್ಲ. ಬೆದೆ, ಕಡಸು, ಚೊಚ್ಚಲು, ಗೊಡ್ಡು, ಗಿಣ್ಣು, ಎಲ್ಲ ನಾಲಿಗೆಯ ತುದಿಯಲ್ಲೇ ಇವೆ. ತೊಡಕು ಶುರುವಾಗುವುದು ತಳಿಯ ಅಧ್ಯಾಯದಲ್ಲಿ.

ಅಲ್ಲಿ ಹೆರಿಟಬಿಲಿಟಿ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಇದಕ್ಕೆ ‘ಅನುವಂಶೀಯತೆ’ ಎಂದು ಬರೆಯುವುದುಂಟು. ಆದರೆ ಹೆತ್ತವರ ಗುಣ ಮರಿಗಳಿಗೆ ಇಳಿಯುವುದಕ್ಕೂ ನಾವು ಅದೇ ಪದ ಬಳಸುತ್ತೇವೆ, ಅಲ್ವಾ? ಎರಡೂ ಬೇರೆ. ಕರು ಹುಟ್ಟಾ ಬೋಳಾಗಿರುವುದು, ಅಂದರೆ ಕೊಂಬೇ ಮೂಡದಿರುವುದು, ಹೆತ್ತವರಿಂದ ಇಳಿದು ಬಂದ ಗುಣ. ಹೆರಿಟಬಿಲಿಟಿ ಹಾಗಲ್ಲ, ಅದೊಂದು ಅಳತೆ. ಒಂದು ಹಿಂಡಿನಲ್ಲಿ ದನದಿಂದ ದನಕ್ಕೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಮುಂದಿನ ಪೀಳಿಗೆಗೆ ದಾಟುವ ಜೀನ್‌ಗಳದ್ದು ಎಂದು ಹೇಳುತ್ತದೆ. 0ಯಿಂದ 1ರವರೆಗೆ ಹೋಗುತ್ತದೆ. ಒಬ್ಬಂಟಿ ದನಕ್ಕೆ ಹೆರಿಟಬಿಲಿಟಿ ಅನ್ನುವುದೇ ಇಲ್ಲ.

ಒಂದು ವರ್ಷದ ಹೊತ್ತಿನ ತೂಕಕ್ಕೆ ಇದು 0.4ರ ಆಸುಪಾಸು. ಹಿಂಡಿನ ಸರಾಸರಿಗಿಂತ 40 ಕಿಲೋ ಜಾಸ್ತಿ ತೂಗುವ ಹೋರಿ, ಹಸುಗಳನ್ನೇ ಆರಿಸಿ ಕೂಡಿಸಿದಿರಿ ಅನ್ನಿ. ಮೇವು, ಆರೈಕೆ ಅದೇ ಇದ್ದರೆ ಅವುಗಳ ಕರುಗಳಲ್ಲಿ ಸರಾಸರಿ 16 ಕಿಲೋ ಹೆಚ್ಚಳ ನಿರೀಕ್ಷಿಸಬಹುದು. ಉಳಿದ 24 ಕಿಲೋ ಹೆತ್ತವರ ಮೇವು, ಆರೈಕೆ ಮತ್ತು ಕರುವಿಗೆ ಹಾಗೇ ದಾಟದ ಜೀನ್ ಜೋಡಣೆಯ ದೆಸೆಯಿಂದ ಬಂದದ್ದು, ಅವುಗಳ ಜೊತೆಗೇ ಮುಗಿಯಿತು.

ಗಬ್ಬ ನಿಲ್ಲುವ ಗುಣದ ಅಂಕಿ 0.1 ಅಥವಾ ಇನ್ನೂ ಕಡಿಮೆ. ‘ಅನುವಂಶೀಯತೆ 0.1’ ಎಂದು ಬರೆದರೆ ಓದುವವರು ಏನಂದುಕೊಳ್ಳುತ್ತಾರೆ? ಗಬ್ಬಕ್ಕೂ ಜೀನ್‌ಗೂ ಸಂಬಂಧವಿಲ್ಲ ಅಂತ ತಾನೇ! ಆದರೆ ಎರಡು ತಳಿ ಬೆರೆಸಿದಾಗ ಹುರುಪು ಜಾಸ್ತಿ ಕಾಣುವುದು ಇಂಥ ಗುಣಗಳಲ್ಲೇ. ಆ ಹುರುಪು ಜೀನ್‌ಗಳ ಜೋಡಣೆಯಿಂದಲೇ ಬರುವುದು.

ಹಾಗಾಗಿ ‘ಪಾಲು’ ಅನ್ನುವುದು ಪದದೊಳಗೇ ಇರಲಿ ಎಂಬುದು ನನ್ನ ಹಟ. ‘ತಳಿಪಾಲು’ ಎಂದರೆ ಮಿಶ್ರತಳಿಯ ಹಸುವಿನಲ್ಲಿ ಯಾವ ತಳಿ ಎಷ್ಟಿದೆ ಎಂಬ ಲೆಕ್ಕದಂತೆ ಕೇಳಿಸುತ್ತದೆ. ‘ವಂಶಪಾಲು’ ನನಗೆ ಹಿಡಿಸಿದೆ. ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳಲು ಕೂತ ಹಾಗಿದೆ ಎಂದು ನೀವು ನಗಬಹುದು. ನಕ್ಕ ಮೇಲೆ ಇದಕ್ಕಿಂತ ಒಳ್ಳೆಯದನ್ನು ಕೊಡಿ.

ಇನ್ನೊಂದು, ಬಾಡಿ ಕಂಡೀಷನ್ ಸ್ಕೋರ್. ಮಾಂಸದ ದನಗಳಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಪಕ್ಕೆಲುಬು, ಬೆನ್ನು, ಬಾಲದ ಬುಡದಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡಿ ಮುಟ್ಟಿ ಹೇಳುವುದು. ‘ಮೈಕಟ್ಟು’ ಇಲ್ಲಿ ಒಪ್ಪುವುದಿಲ್ಲ. ಮೈಕಟ್ಟು ಚೆನ್ನಾಗಿರುವ ಹಸುವೂ ಸೊರಗಿರಬಹುದು. ‘ಮೈತುಂಬು ಅಂಕ’ ಹೇಗೆ? ಕರು ಹಾಕುವಾಗ ಇದು 5 ಇರಬೇಕು, ಚೊಚ್ಚಲಿಗೆ 6 ಇದ್ದರೆ ಒಳ್ಳೆಯದು. ಸೊರಗಿದ ಹಸು ಮತ್ತೆ ಬೆದೆಗೆ ಬರುವುದು ತಡ. ಗಬ್ಬದ ಅವಧಿಯೇ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 82 ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಮೇವಿನ ಅಧ್ಯಾಯವೂ ಗಬ್ಬದ ಅಧ್ಯಾಯವೂ ಈ ಒಂದು ಅಂಕದ ಮೇಲೇ ನಿಂತಿವೆ, ಅದಕ್ಕೇ ಇಷ್ಟು ಕೊರೆಯುತ್ತಿರುವುದು.

ನಿಘಂಟಿನ ಪದಗಳು ನನ್ನ ಹತ್ತಿರ ಇವೆ. ದನ ಸಾಕುವವರು ಆಡುವ ಮಾತು ಗೊತ್ತಿದ್ದರೆ ತಿಳಿಸಿ.